ಚೀಟಿಯ ಡಬ್ಬದಿಂದ ಅಂತರ್ಜಾಲಕ್ಕೆ

(ಬಾನುಲಿ ಭಾಷಣದ ಬರಹ ರೂಪ)



ನಮ್ಮ ಮನೆಯ ಅಟ್ಟದ ಮೇಲೆ ನಾಲ್ಕು ಬಿಸ್ಕತ್ತಿನ ಡಬ್ಬಗಳಿವೆ. ಸಾಹಿತ್ಯ ಮತ್ತು ಇತಿಹಾಸದ ಆಕರಗಳು ಅಂತರ್ಜಾಲದಲ್ಲಿ ಹೇಗೆ ಬೆಳೆದು ಬಂದವು ಎಂಬ ವಿಷಯವಾಗಿ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ಯಂತ್ರದ ಮರ್ಮ ಬಲ್ಲ ತರುಣರು ಅಷ್ಟು ಮಂದಿ ಇರುವಾಗ ನನ್ನನ್ನೇಕೆ ಕರೆದರೋ ಎಂದು ಮೊದಲು ಅಳುಕಿದೆ. ಆಮೇಲೆ ಆ ಡಬ್ಬಗಳು ನೆನಪಾದವು. ಅವುಗಳ ದೆಸೆಯಿಂದ ನನಗೂ ಈ ವಿಷಯದಲ್ಲಿ ಒಂದು ಸಣ್ಣ ಹಕ್ಕು ಉಂಟು ಎಂದುಕೊಂಡು ಒಪ್ಪಿದೆ.

ಡಬ್ಬಗಳಲ್ಲಿರುವುದು ಚೀಟಿಗಳು. 1984ರಿಂದ 1991ರವರೆಗೆ, ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಪಾಠ ಹೇಳುತ್ತ, ಸಂಜೆಯ ಹೊತ್ತು ನಾನು ಬರೆದವು. ಕಾಲೇಜಿನ ಸೈಕ್ಲೋಸ್ಟೈಲ್ ಸುತ್ತೋಲೆಗಳ ಬೆನ್ನು ಖಾಲಿಯಾಗಿರುತ್ತಿತ್ತು. ಅದನ್ನು ನಾಲ್ಕಾಗಿ ಹರಿದರೆ ಒಳ್ಳೆಯ ಚೀಟಿ. ಒಂದೊಂದರ ಮೇಲೂ ವಚನವೊಂದರ ಸಾಲು, ಕೆಳಗೆ ವಚನಕಾರರ ಹೆಸರು, ಪುಸ್ತಕ, ಪುಟ. ಎಲ್ಲ ಚೀಟಿಗಳೂ ಒಂದೇ ಪದದ ಬೆನ್ನು ಹತ್ತಿ ಹೋದವು. ಆ ಪದ ‘ಲೇಸು’. ಕಾಯಕ, ದಾಸೋಹ, ಬಯಲು ಮುಂತಾದ ದೊಡ್ಡ ಮಾತುಗಳನ್ನು ಹಿರಿಯರು ಅದಾಗಲೇ ಹಂಚಿಕೊಂಡಿದ್ದರು. ನನ್ನ ಪಾಲಿಗೆ ಉಳಿದದ್ದು ಈ ಚಿಕ್ಕ ಮಾತು. ಒಳ್ಳೆಯದು ಎಂಬುದಕ್ಕೂ ಲೇಸು, ಇದಕ್ಕಿಂತ ಅದು ಮೇಲು ಎಂಬುದಕ್ಕೂ ಲೇಸು, ಹಿತ ಎಂಬುದಕ್ಕೂ ಲೇಸು. ಒಂದು ಜನಸಮುದಾಯ ಯಾವುದನ್ನು ಲೇಸೆಂದಿತು, ಯಾವುದನ್ನು ಲೇಸಲ್ಲವೆಂದಿತು ಎಂದು ಪಟ್ಟಿಮಾಡಿದರೆ ಅದರ ಅಂತರಂಗವೇ ತಿಳಿದೀತು ಎಂಬುದು ಆಗಿನ ನನ್ನ ಭರವಸೆ. ಏಳು ವರ್ಷಗಳಲ್ಲಿ ನಾನೂರಕ್ಕೂ ಮೇಲೆ ಚೀಟಿಗಳಾದವು.

ಇದು ನನ್ನೊಬ್ಬನ ಹುಚ್ಚೆಂದು ಬಹಳ ದಿನ ತಿಳಿದಿದ್ದೆ. ಸಮುದ್ರದ ಆಚೆ ನನಗಿಂತ ನಾಲ್ಕು ದಶಕ ಮೊದಲೇ ಇದೇ ಹುಚ್ಚಿನ ಒಬ್ಬ ಪಾದ್ರಿ ಇದ್ದರೆಂದು ತಿಳಿದದ್ದು ನಿವೃತ್ತಿಗೆ ಸಮೀಪವಾದ ಮೇಲೆ. ಅವರು ಇಟಲಿಯ ಯೇಸುಸಭೆಯ ರಾಬರ್ತೊ ಬೂಸ. ಹದಿಮೂರನೆಯ ಶತಮಾನದ ದಾರ್ಶನಿಕ ಸಂತ ಥಾಮಸ್ ಅಕ್ವಿನಾಸನ ಲ್ಯಾಟಿನ್ ಗ್ರಂಥಗಳಲ್ಲಿ ‘ಸಾನ್ನಿಧ್ಯ’ ಎಂಬ ಭಾವನೆ ಹೇಗೆ ಬಂದಿದೆ ಎಂಬುದು ಅವರ ಸಂಶೋಧನೆಯ ವಸ್ತು. ನಿಘಂಟುಗಳಲ್ಲಿ ಆ ಅರ್ಥದ ಪದವನ್ನು ಹುಡುಕಿದರು, ಸಾಲದಾಯಿತು. ಕೊನೆಗೆ ಅವರಿಗೆ ಹೊಳೆದದ್ದು, ಥಾಮಸನ ಸಾನ್ನಿಧ್ಯದ ತತ್ತ್ವವೆಲ್ಲ ಅಡಗಿರುವುದು ‘ಇನ್’ ಎಂಬ ಒಂದಕ್ಷರದ ಅವ್ಯಯದಲ್ಲಿ, ಅಂದರೆ ನಮ್ಮ ‘ಒಳಗೆ’ ಎಂಬ ಮಾತಿನಲ್ಲಿ ಎಂದು. ಆ ಪದ ಬಂದ ವಾಕ್ಯಗಳನ್ನೆಲ್ಲ ಕೈಯಿಂದ ಚೀಟಿಗಳಲ್ಲಿ ಬರೆದುಕೊಂಡರು. ಅವರ ಚೀಟಿಗಳ ಎಣಿಕೆ ಹತ್ತು ಸಾವಿರ. ನನ್ನ ನಾನೂರನ್ನು ನೆನೆದು ಅಂದು ನಾಚಿಕೆಯಾಯಿತು.

ಒಂದು ಪದಕ್ಕೆ ಇಷ್ಟು ಶ್ರಮವಾದರೆ ಥಾಮಸನ ಎಲ್ಲ ಪದಗಳಿಗೆ ಎಷ್ಟು ಬೇಕು? 1949ರಲ್ಲಿ ಬೂಸ ಅಮೆರಿಕಕ್ಕೆ ಹೋಗಿ ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡರು. ಲೆಕ್ಕಪತ್ರಕ್ಕೆಂದು ಮಾಡಿದ ಯಂತ್ರದಿಂದ ಸಂತನೊಬ್ಬನ ಪದಗಳನ್ನು ಎಣಿಸುವುದೆಂದರೆ ಯಾರಿಗಾದರೂ ನಗು ಬರಬೇಕು. ವಾಟ್ಸನ್ ಒಪ್ಪಿದರು, ತನ್ನ ಸಂಸ್ಥೆಯ ಹೆಸರಿನ ಮೊದಲಕ್ಷರಗಳಲ್ಲಿ ‘ಬೂಸ’ರ ಹೆಸರನ್ನು ಸೇರಿಸಬಾರದೆಂಬ ಒಂದೇ ಷರತ್ತು ಹಾಕಿದರೆಂದು ಕಥೆಯುಂಟು. ಮಿಲಾನಿನ ಬಳಿಯ ಗಲ್ಲರಾತೆ ಎಂಬ ಊರಿನಲ್ಲಿ ರಟ್ಟಿನ ಚೀಟಿಗಳಿಗೆ ತೂತು ಕೊರೆದು ಪದಗಳನ್ನು ಯಂತ್ರಕ್ಕೆ ಉಣಿಸುವ ಕೆಲಸ ನಡೆಯಿತು. ಆ ತೂತುಗಳನ್ನು ಕೊರೆದವರು ಅದಕ್ಕಾಗಿಯೇ ತರಬೇತಿ ಪಡೆದ ತರುಣಿಯರು. ಅವರಲ್ಲಿ ಬಹುಮಂದಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಬಹುಕಾಲ ಅವರ ಹೆಸರು ಎಲ್ಲಿಯೂ ಬರಲಿಲ್ಲ. ಈಚಿನ ವರ್ಷಗಳಲ್ಲಿ ಕೆಲವು ವಿದುಷಿಯರು ಹಳೆಯ ಚಿತ್ರಗಳನ್ನು ಮುಂದಿಟ್ಟುಕೊಂಡು ಅವರಲ್ಲಿ ಬದುಕಿರುವವರನ್ನು ಹುಡುಕಿ ಮಾತನಾಡಿಸಿದ್ದಾರೆ. ನಮ್ಮಲ್ಲಿ ಓಲೆಗರಿಗಳನ್ನು ಪ್ರತಿಮಾಡಿದ ಲಿಪಿಕಾರರಾದರೂ ಕಡೆಯ ಗರಿಯಲ್ಲಿ ತಮ್ಮ ಹೆಸರು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುವ ವಾಡಿಕೆಯಿತ್ತು.

ಥಾಮಸನ ಪದಾನುಕ್ರಮಣಿಕೆ 1974ರಲ್ಲಿ ಅಚ್ಚಾಗತೊಡಗಿ 56 ಸಂಪುಟಗಳಾಯಿತು. ಪದಗಳ ಎಣಿಕೆ ಒಂದು ಕೋಟಿಯನ್ನು ದಾಟುತ್ತದೆ. 2005ರಲ್ಲಿ ಅದು ಅಂತರ್ಜಾಲಕ್ಕೆ ಬಂತು. ಆಗಲೂ ಬೂಸ ಬದುಕಿದ್ದರು. 2011ರಲ್ಲಿ 97ರ ವಯಸ್ಸಿನಲ್ಲಿ ತೀರಿಕೊಂಡರು. ಕೈಬರಹದ ಚೀಟಿ, ತೂತಿನ ಚೀಟಿ, ಕಾಂತದ ಸುರುಳಿ, ಅಚ್ಚು, ಅಡಕಮುದ್ರಿಕೆ, ಅಂತರ್ಜಾಲ ಇಷ್ಟನ್ನೂ ಒಬ್ಬನೇ ವಿದ್ವಾಂಸ ಒಂದೇ ಗ್ರಂಥರಾಶಿಯ ಸಲುವಾಗಿ ಕಂಡದ್ದು ಸಾಮಾನ್ಯವಲ್ಲ.

ಗ್ರೀಕ್ ಸಾಹಿತ್ಯದ ಕಥೆಯನ್ನೂ ಒಂದಿಷ್ಟು ಹೇಳಬೇಕು. 1972ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅರ್ವೈನ್ ನಗರದ ಶಾಖೆಯಲ್ಲಿ, ಮೇರಿಯನ್ ಮೆಕ್‌ಡೊನಾಲ್ಡ್ ಎಂಬ ಸಂಶೋಧನ ವಿದ್ಯಾರ್ಥಿನಿ ಕೊಟ್ಟ ಸಲಹೆಯಿಂದ ಮತ್ತು ಆಕೆಯದೇ ಹಣದಿಂದ, ‘ಥಿಸಾರಸ್ ಲಿಂಗ್ವೆ ಗ್ರೇಕೆ’ ಎಂಬ ಭಂಡಾರ ಹುಟ್ಟಿತು. ಹೋಮರನಿಂದ ಮೊದಲುಗೊಂಡು ಉಳಿದುಬಂದ ಗ್ರೀಕ್ ಬರಹವನ್ನೆಲ್ಲ ಗಣಕಯಂತ್ರಕ್ಕೆ ಊಡುವುದು ಅದರ ಸಂಕಲ್ಪ. ಯಂತ್ರಕ್ಕೆ ಆಗ ರೋಮನ್ ಅಕ್ಷರ ಬಿಟ್ಟು ಬೇರೆ ತಿಳಿಯದು. ಆದುದರಿಂದ ಆಲ್ಫಾ, ಬೀಟಾಗಳನ್ನು ರೋಮನ್ ಅಕ್ಷರದ ವೇಷ ಹಾಕಿಸಿ ಒಳಗೆ ಕಳಿಸಿದರು; ಸ್ವರಭಾರವೇ ಮೊದಲಾದ ಗುರುತುಗಳಿಗೆ ಕಂಸ, ಗೀಟುಗಳ ಚಿಹ್ನೆಗಳು. 1985ರಲ್ಲಿ ಅದು ಅಡಕಮುದ್ರಿಕೆಯಾಗಿ ಹೊರಬಂತು, 2001ರಲ್ಲಿ ಅಂತರ್ಜಾಲ ಸೇರಿತು. ಇಂದು ಅದರಲ್ಲಿ ಹನ್ನೊಂದು ಕೋಟಿಗೂ ಮಿಕ್ಕಿದ ಪದಗಳಿವೆ. ಅದರ ಸಂಪಾದಕರು ಮೊದಲೇ ಮಾಡಿಕೊಂಡ ಒಂದು ತೀರ್ಮಾನವನ್ನು ನೆನಪಿನಲ್ಲಿಡಿ: ಪ್ರತಿ ಗ್ರಂಥಕ್ಕೂ ಒಳ್ಳೆಯದೆನಿಸಿದ ಒಂದು ಆವೃತ್ತಿಯ ಪಠ್ಯವನ್ನು ಮಾತ್ರ ತೆಗೆದುಕೊಂಡರು, ಅಡಿಯಲ್ಲಿನ ಪಾಠಾಂತರಗಳನ್ನು ಬಿಟ್ಟರು. ಆ ಮಾತಿಗೆ ಮುಂದೆ ಬರುತ್ತೇನೆ.

ಇನ್ನು ನಮ್ಮ ಕನ್ನಡ. ವಚನಗಳು ಅಂತರ್ಜಾಲಕ್ಕೆ ಬಂದದ್ದನ್ನು ಹೇಳುವ ಮುನ್ನ ಅವು ಅಚ್ಚಿಗೆ ಬಂದ ಬಗೆಯನ್ನು ನೆನೆಯದಿದ್ದರೆ ಅಪಚಾರವಾದೀತು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದು, ಮನೆಮನೆ ಅಲೆದು ಓಲೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅಲ್ಲಿಂದ ಎಪ್ಪತ್ತು ವರ್ಷಗಳ ಮೇಲೆ, ಅನೇಕ ವಿದ್ವಾಂಸರ ದುಡಿಮೆ ಒಂದಾಗಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟಗಳು ಬಂದವು. ಹದಿನೈದು ಸಂಪುಟ, ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನ. ಸರ್ಕಾರ ಅವನ್ನು ಅಗ್ಗದ ಬೆಲೆಗೆ ಕೊಟ್ಟಿತು. ಆ ಪುಸ್ತಕಗಳು ಬರುವ ವೇಳೆಗೆ ನನ್ನ ಚೀಟಿಗಳ ಕೆಲಸ ಮುಗಿದಿತ್ತು, ಲೇಖನವೂ ಅಚ್ಚಾಗಿತ್ತು. ಮತ್ತೆ ಮೊದಲಿನಿಂದ ಆರಂಭಿಸುವ ಉತ್ಸಾಹ ನನಗಿರಲಿಲ್ಲ. ಹದಿನೈದು ಸಂಪುಟಗಳನ್ನೂ ಕೊಂಡು ಬೀರುವಿನಲ್ಲಿ ಸಾಲಾಗಿ ಇಟ್ಟೆ. ಆ ಸೋಮಾರಿತನಕ್ಕೆ ದಂಡ ತೆತ್ತದ್ದು ಇಪ್ಪತ್ತು ವರ್ಷಗಳ ಮೇಲೆ.

2013ರ ಸುಮಾರಿಗೆ ಕೆಲವು ತರುಣ ತಂತ್ರಜ್ಞರು, ಓ. ಎಲ್. ನಾಗಭೂಷಣಸ್ವಾಮಿಯವರಂಥ ಹಿರಿಯರ ಮಾರ್ಗದರ್ಶನದಲ್ಲಿ, ‘ವಚನ ಸಂಚಯ’ ಎಂಬ ಜಾಲತಾಣವನ್ನು ಕಟ್ಟಿದರು. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ, ಯಾವ ವಚನದಲ್ಲಿ ಬಂದಿದೆ ಎಂಬುದು ಕಣ್ಣು ಮಿಟುಕಿಸುವುದರೊಳಗೆ ಎದುರಿಗೆ ಬರುತ್ತದೆ. ಅದನ್ನು ನನಗೆ ತೋರಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ತಾನೂ ಅಧ್ಯಾಪಕಿ. ರಜೆಯಲ್ಲಿ ಮನೆಗೆ ಬಂದಿದ್ದವಳು ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, “ನಿಮ್ಮ ಪದ ಹೇಳಿ ಸಾರ್” ಎಂದಳು. ಹೇಳಿದೆ. ಏಳು ವರ್ಷದ ಸಂಜೆಗಳೆಲ್ಲ ಒಂದು ತೆರೆಯ ಮೇಲೆ ಬಂದು ನಿಂತವು. ನಾನು ಸಂತೋಷಪಟ್ಟೆನೆಂದರೆ ಸುಳ್ಳಾಗುತ್ತದೆ. ಹೆಂಡತಿ ಕಾಫಿ ತಂದಿಟ್ಟದ್ದು ಆರಿಹೋಯಿತು.

ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಕಾದಿತ್ತು. ನನ್ನ ಲೇಖನದಲ್ಲಿ ನಾನೊಂದು ಮಾತು ಬರೆದಿದ್ದೆ: ಲೇಸು ಎಂಬ ಮಾತು ಶರಣೆಯರಲ್ಲಿ ಬಲು ವಿರಳ, ಅವರು ಒಳಿತನ್ನು ತೂಗಿ ನೋಡುವುದಕ್ಕಿಂತ ಅನುಭವಿಸಿ ಹಾಡುವವರು ಎಂದು. ಆ ವಾಕ್ಯದ ಮೇಲೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಒಬ್ಬಿಬ್ಬರು ತಮ್ಮ ಬರಹದಲ್ಲಿ ಅದನ್ನು ಎತ್ತಿ ಹೇಳಿಯೂ ಇದ್ದರು. ಯಂತ್ರ ತೋರಿಸಿದ ಪಟ್ಟಿಯಲ್ಲಿ ಶರಣೆಯರ ಹೆಸರುಗಳು ಒಂದರ ಹಿಂದೊಂದು ಬರುತ್ತಿದ್ದವು. ನಾನು ಮೊದಲು ಯಂತ್ರವನ್ನು ಸಂಶಯಿಸಿದೆ. ಬೀರುವಿನಿಂದ ಸಂಪುಟವನ್ನು ತೆಗೆಸಿ ಒಂದೊಂದಾಗಿ ಹೋಲಿಸಿ ನೋಡಿದೆವು, ಇದ್ದವು. ಹಾಗಾದರೆ ನನ್ನ ಚೀಟಿಗಳಲ್ಲಿ ಏಕಿಲ್ಲ? ರಾತ್ರಿ ಮಲಗಿದ ಮೇಲೆ ಕಾರಣ ನೆನಪಾಯಿತು. ಆಗ ನಾನು ಬಳಸಿದ್ದು ಗ್ರಂಥಾಲಯದಲ್ಲಿದ್ದ ಒಂದು ಹಳೆಯ ಸಂಕಲನ. ಅದರ ಕೊನೆಯ ಮೂರನೆಯ ಒಂದು ಭಾಗ ಬೈಂಡು ಕಳಚಿ ಹೋಗಿತ್ತು. ಇನ್ನೊಂದು ಪ್ರತಿಯನ್ನು ಎಲ್ಲಿಂದಲಾದರೂ ತರಿಸಿ ನೋಡಬೇಕೆಂದು ಆಗ ಒಂದು ಚೀಟಿಯಲ್ಲಿ ಬರೆದೂ ಇಟ್ಟಿದ್ದೆ. ಆ ಚೀಟಿ ಈಗಲೂ ಮೂರನೆಯ ಡಬ್ಬದಲ್ಲಿದೆ. ಹರಿದ ಪುಸ್ತಕದಿಂದ ನಾನು ಹೆಂಗಸರ ಮನೋಧರ್ಮದ ಬಗ್ಗೆ ಒಂದು ಸಿದ್ಧಾಂತವನ್ನು ಹೆಣೆದಿದ್ದೆ.

ಈ ಸಂಗತಿಯನ್ನು ಇಷ್ಟು ಜನರ ಮುಂದೆ ಹೇಳುತ್ತಿರುವುದು ಇದೇ ಮೊದಲು. ಆ ಲೇಖನವನ್ನು ಈಗಲೂ ಎಲ್ಲಿಯಾದರೂ ಪಾಠಕ್ಕೆ ಬಳಸುತ್ತಿರುವ ಅಧ್ಯಾಪಕ ಮಿತ್ರರಿದ್ದರೆ ಆ ಪ್ಯಾರವನ್ನು ದಯವಿಟ್ಟು ಹೊಡೆದುಹಾಕಿ.

ಹಾಗೆಂದು ಯಂತ್ರ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಅದೇ ಪದವನ್ನು ಮತ್ತೊಂದು ಬಗೆಯಲ್ಲಿ ನೋಡಿ. ನಮ್ಮ ಭಾಷೆಯಲ್ಲಿ ಪದ ಒಂಟಿಯಾಗಿ ನಿಲ್ಲುವುದೇ ಅಪರೂಪ. ಲೇಸೆಂದು, ಲೇಸಲ್ಲ, ಲೇಸಾಯಿತ್ತು, ಲೇಸಿನ. ಮುಂದಿನ ಪದ ಬಂದು ತಗುಲಿತೆಂದರೆ ಕೊನೆಯ ಉಕಾರ ಲೋಪವಾಗಿ ಹೋಯಿತು. ‘ಲೇಸು’ ಎಂದು ಪೂರ್ತಿಯಾಗಿ ಟೈಪು ಮಾಡಿ, ಅದೇ ರೂಪವನ್ನು ಮಾತ್ರ ಹುಡುಕು ಎಂದು ಯಂತ್ರಕ್ಕೆ ಹೇಳಿದರೆ ಈ ನಾಲ್ಕೂ ಅದರ ಕಣ್ಣಿಗೆ ಬೀಳವು. ‘ಲೇಸ’ ಎಂದಿಷ್ಟೇ ಕೊಟ್ಟರೆ ಎಲ್ಲವೂ ಸಿಕ್ಕುತ್ತವೆ; ಯಂತ್ರದ ಒಳಗೆ ವ್ಯಂಜನವೂ ಅದರ ಮೇಲಣ ಸ್ವರಚಿಹ್ನೆಯೂ ಬೇರೆ ಬೇರೆಯಾಗಿ ಕೂತಿರುವುದೇ ಇದಕ್ಕೆ ಕಾರಣ. ಲೋಪಸಂಧಿಯನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ ನಮ್ಮ ಪಂಡಿತರು ಅದು ಒಂದು ದಿನ ಗಣಕಯಂತ್ರದ ಮುಂದೆ ಉಪಯೋಗಕ್ಕೆ ಬಂದೀತೆಂದು ಕನಸಿನಲ್ಲೂ ಎಣಿಸಿರಲಾರರು. ಲ್ಯಾಟಿನ್ನಿನ ವಿಭಕ್ತಿರೂಪಗಳನ್ನೆಲ್ಲ ಮೂಲರೂಪದ ಕೆಳಗೆ ತಂದು ಕೂರಿಸುವುದಕ್ಕೆ ಬೂಸರ ಬಳಗ ವರ್ಷಗಟ್ಟಲೆ ದುಡಿಯಿತು. ಆ ಕೆಲಸವನ್ನು ಮಾಡಬೇಕಾದವರು ಮನುಷ್ಯರೇ, ಅದೂ ವ್ಯಾಕರಣ ಬಲ್ಲ ಮನುಷ್ಯರು. ಕನ್ನಡದ ಎಲ್ಲ ಪ್ರಾಚೀನ ಗ್ರಂಥಗಳಿಗೂ ಅಂಥ ಕೆಲಸ ಆಗಬೇಕಾಗಿದೆ.

ಹಳಗನ್ನಡಕ್ಕೆ ಹೋದರೆ ತೊಡಕು ಇಮ್ಮಡಿ. ನಾನು ಹೇಳಿದ ವಿದ್ಯಾರ್ಥಿನಿಯೇ ಕಳೆದ ವರ್ಷ ಒಂದು ಪ್ರಬಂಧದ ಕರಡನ್ನು ಕಳಿಸಿದ್ದಳು. ಅದರಲ್ಲಿ, ಪ್ರೀತಿ ಎಂಬರ್ಥದ ‘ಅಳ್ಕರ್’ ಎಂಬ ಮಾತನ್ನು ಪಂಪ ಬಳಸಿಯೇ ಇಲ್ಲ ಎಂದು ಖಂಡಿತವಾಗಿ ಬರೆದಿದ್ದಳು. ಓದಿ ಬೆಚ್ಚಿದೆ. ದೂರವಾಣಿಯಲ್ಲಿ, “ಏನಮ್ಮ, ಇದಕ್ಕೇನು ಆಧಾರ?” ಎಂದು ಕೇಳಿದೆ. “ಹುಡುಕಿದೆ ಸಾರ್, ಸೊನ್ನೆ ಬಂತು” ಎಂದಳು. ಅವಳು ಹುಡುಕಿದ್ದು ಇಂದಿನ ಳಕಾರ, ಇಂದಿನ ರಕಾರಗಳಿಂದ. ಪಂಪನ ಮಾತು ‘ಅೞ್ಕಱ್’. ಎರಡೂ ಅಕ್ಷರ ಈಗಿನ ಬಳಕೆಯಲ್ಲಿಲ್ಲ. ಅವಳ ಕೀಲಿಮಣೆಯಲ್ಲಿ ಅವು ಎಲ್ಲಿವೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಅರ್ಧ ಗಂಟೆ ಪ್ರಯಾಸಪಟ್ಟು ಆ ಅಕ್ಷರಗಳನ್ನು ಹುಡುಕಿ ಒತ್ತಿದ ಮೇಲೆ ಪಂಪನ ಅೞ್ಕಱೆಲ್ಲ ಉಕ್ಕಿ ಬಂತು. ಗ್ರಂಥದಲ್ಲಿ ಪದ ‘ಇದೆ’ ಎಂದು ಯಂತ್ರ ಹೇಳಿದರೆ ಪುಟ ತೆರೆದು ನೋಡಿ ನಂಬಬಹುದು. ‘ಇಲ್ಲ’ ಎಂದರೆ ತೆರೆದು ನೋಡುವುದಕ್ಕೆ ಪುಟವೇ ಇರುವುದಿಲ್ಲ. ನನ್ನ ಹರಿದ ಪುಸ್ತಕಕ್ಕೂ ಅವಳ ಸೊನ್ನೆಗೂ ಅಷ್ಟೇನೂ ದೂರವಿಲ್ಲವೆಂದು ಅವಳಿಗೆ ಹೇಳಿದೆ. ಅವಳು ನಕ್ಕಳು.

ಈ ೞಕಾರದ ವಿಷಯ ಬಂದದ್ದರಿಂದ ಒಂದು ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. ಜಗತ್ತಿನ ಲಿಪಿಗಳಿಗೆಲ್ಲ ಯಂತ್ರದಲ್ಲಿ ಒಂದೊಂದು ಅಂಕಿಯ ಮನೆಯನ್ನು ಗೊತ್ತುಮಾಡಿದ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ದೊರೆಯಿತು. ಅಲ್ಲಿ ಱಕಾರ ರಕಾರದ ಪಕ್ಕದಲ್ಲಿಯೇ ಸುಖವಾಗಿ ಕೂತಿದೆ. ೞಕಾರಕ್ಕೆ ಮಾತ್ರ ಬಳಗದ ನಡುವೆ ಎಡೆಯಿಲ್ಲ. ಕಾಗುಣಿತದ ಚಿಹ್ನೆಗಳನ್ನೆಲ್ಲ ದಾಟಿ ಕೇರಿಯ ಆ ತುದಿಯಲ್ಲಿದೆ. ಅದಕ್ಕಿಟ್ಟ ಹೆಸರೋ ‘ಫ’! ಯಾರದೋ ಕೈತಪ್ಪು. ತಪ್ಪೆಂದು ತಿಳಿದ ಮೇಲೂ ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ವ್ಯವಸ್ಥೆಯ ನಿಯಮವಾದುದರಿಂದ, ಇದು ತಪ್ಪು ಹೆಸರು ಎಂದು ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿ ಸುಮ್ಮನಾಗಿದ್ದಾರೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿಯೇ, ೞಕಾರ ಬರುವ ಪದಗಳಾವುವು ಎಂಬುದು ಜನಕ್ಕೆ ಮರೆತುಹೋಗುತ್ತಿದೆಯೆಂದು ಪಟ್ಟಿ ಕೊಟ್ಟವನು. ಅವನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ!

ಇದು ಬರಿಯ ತಮಾಷೆಯಲ್ಲ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಟೈಪು ಮಾಡುವವರು ಅನುಕೂಲಕ್ಕೆಂದು ಎಲ್ಲಕ್ಕೂ ಳಕಾರ ರಕಾರಗಳನ್ನೇ ಒತ್ತಿದರೆ ಬದುಕೂ ಕತ್ತಿಯೂ ಒಂದೇ ಆಗಿ, ತಿಳಿಯುವವನು ಕತ್ತರಿಸತೊಡಗುತ್ತಾನೆ. ಅಂಥ ಪಠ್ಯಗಳನ್ನು ನಾನು ಕಂಡಿದ್ದೇನೆ. ಒಮ್ಮೆ ಜಾಲಕ್ಕೆ ಬಿದ್ದ ತಪ್ಪು ಒಂದರಿಂದ ಹತ್ತು ಕಡೆಗೆ ಪ್ರತಿಯಾಗುತ್ತದೆ. ಓಲೆಗರಿಯ ಕಾಲದಲ್ಲಿ ಇದಕ್ಕೆ ನೂರು ವರ್ಷ ಹಿಡಿಯುತ್ತಿತ್ತು.

ಯೂನಿಕೋಡಿಗೆ ಮುಂಚಿನ ಕನ್ನಡ ಬೆರಳಚ್ಚಿನ ಪಾಡೂ ಗ್ರೀಕರ ಪಾಡಿನಂಥದೇ. 1990ರ ದಶಕದಲ್ಲಿ ನಾವು ಗಣಕದಲ್ಲಿ ಬರೆಯುತ್ತಿದ್ದುದು ಹೊರಗೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಅಡಗಿರುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುತ್ತಿದ್ದುದು ಬರೀ ಗೊಂಡಾರಣ್ಯ. ಕೆ. ಪಿ. ರಾವ್ ಅವರು ಕೀಲಿಮಣೆಗೆ ಒಂದು ಕ್ರಮ ಹಾಕಿಕೊಟ್ಟದ್ದು, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇವೆಲ್ಲ ಆ ಕಾಲಕ್ಕೆ ದೊಡ್ಡ ಉಪಕಾರಗಳೇ. ಆದರೆ ಆ ರೂಪದಲ್ಲಿದ್ದ ಸಾವಿರಾರು ಪುಟಗಳನ್ನು ಯೂನಿಕೋಡಿಗೆ ತಿರುಗಿಸಿ, ತಿರುಗಿಸುವಾಗ ಜಾರಿದ ಒತ್ತಕ್ಷರಗಳನ್ನು ಹೆಕ್ಕಿ ಸರಿಪಡಿಸುವುದು ಹಗುರವಾದ ಕೆಲಸವಲ್ಲ. ವಚನಗಳಿಗೂ ಆ ಸಂಸ್ಕಾರ ಆಗಬೇಕಾಯಿತು. ಅದನ್ನು ಸಂಬಳವಿಲ್ಲದೆ, ಕಚೇರಿಯ ಕೆಲಸ ಮುಗಿಸಿ ರಾತ್ರಿ ಕೂತು ಮಾಡಿದ ಹುಡುಗ ಹುಡುಗಿಯರಿದ್ದಾರೆ.

ಇನ್ನು ಪಾಠಾಂತರದ ಮಾತು. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದು ನಮಗೆ ಕಲಿಸಿದ ಮುಖ್ಯ ಪಾಠವೆಂದರೆ, ಅಚ್ಚಾದ ಪಠ್ಯವೆಂಬುದು ಸಂಪಾದಕ ಹಲವು ಪ್ರತಿಗಳ ನಡುವೆ ನಿಂತು ಮಾಡಿದ ಆಯ್ಕೆ, ಅವನು ಬಿಟ್ಟದ್ದು ಪುಟದ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ಕಾದಿರುತ್ತದೆ ಎಂಬುದು. ಪಂಪಭಾರತ 1898ರಲ್ಲಿ ರೈಸ್ ಅವರ ಸಂಪಾದನೆಯಲ್ಲಿ ಬಂತು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಇನ್ನಷ್ಟು ಪ್ರತಿಗಳ ನೆರವಿನಿಂದ ಪ್ರಕಟಿಸಿತು. ಎರಡೂ ಎಲ್ಲೆಡೆ ಒಂದೇ ಅಲ್ಲ. ಅಂತರ್ಜಾಲದಲ್ಲಿ ಒಂದು ಪದ್ಯವನ್ನು ಕಂಡರೆ ಇದು ಯಾವ ಆವೃತ್ತಿಯದು ಎಂಬ ಪ್ರಶ್ನೆಗೆ ಬಹಳ ಕಡೆ ಉತ್ತರವಿರುವುದಿಲ್ಲ. ಗ್ರೀಕ್ ಭಂಡಾರದವರು ಪಾಠಾಂತರಗಳನ್ನು ಬಿಟ್ಟರೂ ಯಾವ ಆವೃತ್ತಿಯನ್ನು ಅನುಸರಿಸಿದೆವೆಂಬುದನ್ನು ಪ್ರತಿ ಗ್ರಂಥಕ್ಕೂ ಹೇಳುತ್ತಾರೆ. ಅಷ್ಟಾದರೂ ನಮಗೆ ಬೇಡವೇ? ಈ ವಿಷಯದಲ್ಲಿ ನಾನು ಸ್ವಲ್ಪ ಒರಟಾಗಿಯೇ ಮಾತಾಡುತ್ತೇನೆಂದು ತರುಣ ಮಿತ್ರರು ದೂರುತ್ತಾರೆ.

ಭಂಡಾರ ಕಟ್ಟಿದಷ್ಟೇ ಕಷ್ಟ ಅದನ್ನು ಉಳಿಸಿಕೊಳ್ಳುವುದು. 2000ದ ಆಚೀಚೆ ಭಾರತ ಸರ್ಕಾರದ ನೆರವಿನಿಂದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ದೊಡ್ಡ ಯೋಜನೆ ನಡೆದು, ಕನ್ನಡವೂ ಸೇರಿ ಲಕ್ಷಗಟ್ಟಲೆ ಪುಸ್ತಕಗಳ ಪುಟಗಳನ್ನು ಚಿತ್ರ ತೆಗೆದು ಜಾಲಕ್ಕೆ ಏರಿಸಿದರು. ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಬರೆದವರಿಗೆ ಕನ್ನಡ ಬರುತ್ತಿತ್ತೇ ಎಂದು ಸಂಶಯಪಡುವಂತಿತ್ತು. ಬೇಕಾದ ಪುಸ್ತಕವನ್ನು ಪಡೆಯುವುದಕ್ಕೆ ಅದರ ಹೆಸರನ್ನು ಎಷ್ಟು ಬಗೆಯಲ್ಲಿ ತಪ್ಪಾಗಿ ಬರೆಯಬಹುದೆಂದು ಊಹಿಸುವ ಜಾಣ್ಮೆ ಬೇಕಾಗಿತ್ತು. ಆದರೂ ನನ್ನಂಥವರಿಗೆ ಅದೊಂದು ಅಕ್ಷಯಪಾತ್ರೆ. ಕೆಲವು ವರ್ಷಗಳ ಮೇಲೆ, ಕೃತಿಸ್ವಾಮ್ಯದ ತಕರಾರು ಬಂದು, ಆ ತಾಣದ ಬಾಗಿಲು ಮುಚ್ಚಿತು. ಅದೃಷ್ಟಕ್ಕೆ ಅಷ್ಟರೊಳಗೆ ಅಲ್ಲಿನ ಬಹಳಷ್ಟು ಪುಸ್ತಕಗಳ ಪ್ರತಿ ಅಮೆರಿಕದ ‘ಇಂಟರ್ನೆಟ್ ಆರ್ಕೈವ್’ ಎಂಬ ಸಾರ್ವಜನಿಕ ಭಂಡಾರಕ್ಕೆ ಹೋಗಿತ್ತು. ನಮ್ಮ ಹಳ್ಳಿಯ ಮಠದ ಕಟ್ಟು ಹಾಳಾದರೂ ಪಕ್ಕದೂರಿನ ಜೋಯಿಸರ ಮನೆಯ ಪ್ರತಿಯಿಂದ ಕಾವ್ಯ ಉಳಿದ ಹಾಗೆ.

ಕೃತಿಸ್ವಾಮ್ಯವೆಂದೆನಲ್ಲ, ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ ಅರುವತ್ತು ವರ್ಷ ಅವನ ಕೃತಿಗೆ ನಮ್ಮಲ್ಲಿ ರಕ್ಷಣೆಯುಂಟು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಅವರ ಬರಹ 2025ರಲ್ಲಿ ಎಲ್ಲರದಾಯಿತು. ಡಿ.ವಿ.ಜಿ.ಯವರ ಬರಹ 2036ಕ್ಕೆ, ಮಾಸ್ತಿಯವರದು 2047ಕ್ಕೆ ಹಾಗೆ ಆಗಬೇಕು. ಅಲ್ಲಿಯವರೆಗೆ ಕಾಯದೆ ತಮ್ಮ ಕೆಲಸವನ್ನು ತಾವೇ ಜನಕ್ಕೆ ಕೊಟ್ಟವರೂ ಇದ್ದಾರೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಜಾಲಕ್ಕೆ ಬಂತು. ಒಂದೂವರೆ ಲಕ್ಷದಷ್ಟು ಪದಗಳು. ಯಾರು ಬೇಕಾದರೂ ಬಳಸಬಹುದು.

ಇತಿಹಾಸದ ಕಡೆಗೆ ಒಂದೇ ಉದಾಹರಣೆ. ಬಿ. ಎಲ್. ರೈಸ್ 1886ರಿಂದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಹೊರತಂದರು. ಅದರ ಒಂಬತ್ತನೆಯದು ಬೆಂಗಳೂರು ಜಿಲ್ಲೆಗೆ ಮೀಸಲು. ಅಲ್ಲಿ ದಾಖಲಾದ ಕಲ್ಲುಗಳಲ್ಲಿ ಎಷ್ಟೋ ಈಗ ಇಲ್ಲ. ರಸ್ತೆಯ ಅಡಿಗೋ ಮನೆಯ ತಳಪಾಯಕ್ಕೋ ಹೋದವು. ಎಂಟನೆಯ ಶತಮಾನದ ನಡುವಿನ, ಗಂಗರ ಶ್ರೀಪುರುಷನ ಕಾಲದ ಕಿಟ್ಟಯ್ಯನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ನೆಲ ಅಗೆಯುವಾಗ ಹೊರಬಂತು. 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಉಳಿದ ಶಾಸನಗಳನ್ನು ಮೂರು ಆಯಾಮದಲ್ಲಿ ಯಂತ್ರದಿಂದ ಅಳೆದು ಜಾಲದಲ್ಲಿ ಇರಿಸುತ್ತಿದ್ದಾರೆ. ಕಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರವೂ ತೆರೆಯ ಮೇಲೆ ಬೆಳಕನ್ನು ಓರೆಮಾಡಿ ತಿರುಗಿಸಿದಾಗ ಮೇಲೇಳುತ್ತದೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿ ಒತ್ತಿ ತೆಗೆಯುತ್ತಿದ್ದ ಅಚ್ಚನ್ನು ನೆನೆದರೆ, ನಾನು ಬದುಕಿದ್ದು ಒಂದೇ ಕಾಲದಲ್ಲಿಯೇ ಎಂದು ಬೆರಗಾಗುತ್ತದೆ. ಮುಂಗೈವರೆಗೆ ಮಸಿಯಾಗುತ್ತಿತ್ತು. ಕಲ್ಲನ್ನು ಮುಟ್ಟಿದ ನೆನಪು ಮಾತ್ರ ಆ ಕೈಗೇ ಉಳಿದಿದೆ.

ನನ್ನ ಡಬ್ಬಗಳ ವಿಷಯ ಅರ್ಧಕ್ಕೆ ನಿಂತಿತು. ಆ ಪೆಟ್ಟಿನ ಮೇಲೆ ಅವನ್ನು ಒಲೆಗೆ ಹಾಕಿಬಿಡುವ ಯೋಚನೆಯೂ ಒಮ್ಮೆ ಬಂದಿತ್ತು. ಎಲ್ಲವೂ ಒಂದು ಗುಂಡಿ ಒತ್ತಿದರೆ ಬರುವಾಗ ಈ ಕಾಗದದ ಚೂರುಗಳೇಕೆ? ತಡೆದವಳು ಆ ವಿದ್ಯಾರ್ಥಿನಿ. ಒಂದು ಮಧ್ಯಾಹ್ನ ಡಬ್ಬ ಇಳಿಸಿ ನೋಡುತ್ತ ಕೂತಿದ್ದವಳು, “ಸಾರ್, ಇದು ಜಾಲದಲ್ಲಿಲ್ಲ” ಎಂದಳು. ಅವಳ ಬೆರಳಿದ್ದದ್ದು ಚೀಟಿಯ ಅಂಚಿನಲ್ಲಿ. ವಚನದ ಸಾಲು ಇರುವಲ್ಲಿ ಅಲ್ಲ, ಅದರ ಪಕ್ಕದಲ್ಲಿ, ಸೀಸದಕಡ್ಡಿಯಲ್ಲಿ ನಾನು ಆಗ ಬರೆದುಕೊಂಡಿದ್ದ ಒಂದೊಂದು ಮಾತು: ಇಲ್ಲಿ ವ್ಯಂಗ್ಯ, ಇಲ್ಲಿ ಮಾರುಕಟ್ಟೆಯ ಮಾತು, ನಮ್ಮ ಅಜ್ಜಿಯೂ ಹೀಗೆಯೇ ಹೇಳುತ್ತಿದ್ದಳು, ಅರ್ಥ ತಿಳಿಯಲಿಲ್ಲ, ಕೇಳಬೇಕು. ಪದ ಎಲ್ಲೆಲ್ಲಿ ಬಂದಿದೆಯೆಂಬುದು ಯಂತ್ರಕ್ಕೆ ಗೊತ್ತು. ಅಲ್ಲಿ ಅದು ಯಾವ ದನಿಯಲ್ಲಿ ಬಂದಿದೆಯೆಂದು ಒಬ್ಬ ಓದುಗ ತಡೆದು ನಿಂತು ಕೇಳಿಸಿಕೊಂಡ ಗುರುತು ಇವು. ತಪ್ಪೂ ಇರಬಹುದು, ಇವೆ ಕೂಡ.

ಈಗ ಭಾನುವಾರಗಳಂದು ಅವಳು ಬರುತ್ತಾಳೆ. ನಾನು ಚೀಟಿ ಓದುತ್ತೇನೆ, ಅವಳು ಟೈಪು ಮಾಡುತ್ತಾಳೆ. ಶರಣೆಯರ ವಚನಗಳಿಗೆ ಹೊಸ ಚೀಟಿಗಳನ್ನೇ ಬರೆಯುತ್ತಿದ್ದೇವೆ, ಈ ಸಲ ಪೂರ್ತಿ ಪುಸ್ತಕದಿಂದ. ಎರಡನೆಯ ಡಬ್ಬಕ್ಕೆ ಮಳೆಗಾಲದಲ್ಲಿ ತುಕ್ಕು ಹತ್ತಿ ಅಡಿಯ ಚೀಟಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಅದನ್ನೇ ಮೊದಲು ಕೈಗೆತ್ತಿಕೊಂಡಿದ್ದೇವೆ.